ಅಪಕೀರ್ತಿ, ಕುಖ್ಯಾತಿ, ಅಪವಾದ: ಯಾವುದು ಎಲ್ಲಿ ಸರಿ?

ಕರಡುಕೋಣೆ (ಪ್ರಶ್ನೆ)

ಒಂದು ಸಹಕಾರ ಸಂಘದ ವರದಿಯ ಕರಡು ತಿದ್ದುತ್ತಿದ್ದೇನೆ. ‘ಕೆಟ್ಟ ಹೆಸರು’ ಅನ್ನುವ ಅರ್ಥದ ಪದಗಳು ಅದರಲ್ಲಿ ಮನಬಂದಂತೆ ಅದಲುಬದಲಾಗಿವೆ. ನಿಘಂಟು ತೆಗೆದರೆ ಅಪಕೀರ್ತಿಗೆ ಅಪಖ್ಯಾತಿ ನೋಡಿ, ಅಪಖ್ಯಾತಿಗೆ ಕೆಟ್ಟ ಹೆಸರು ನೋಡಿ ಎಂದು ಸುತ್ತು ಹೊಡೆಸುತ್ತದೆಯೇ ಹೊರತು ವ್ಯತ್ಯಾಸ ಹೇಳುವುದಿಲ್ಲ. ಅನುಮಾನ ಇರುವ ವಾಕ್ಯಗಳು ಇವು:

1. ಅಪಘಾತಗಳಿಗೆ ಅಪಕೀರ್ತಿ ಪಡೆದ ತಿರುವಿನಲ್ಲಿ ಸಂಘದ ಗೋದಾಮು ಇದೆ.
2. ಲೆಕ್ಕಪತ್ರದ ಗೋಲ್‌ಮಾಲ್ ಸಂಘಕ್ಕೆ ಕುಖ್ಯಾತಿ ತಂದಿತು.
3. ಹಣ ತಿಂದರೆಂಬ ಅಪಕೀರ್ತಿ ಹೊತ್ತಿದ್ದ ಹಿಂದಿನ ಕಾರ್ಯದರ್ಶಿಯವರದು ತಪ್ಪಿಲ್ಲವೆಂದು ತನಿಖೆಯಲ್ಲಿ ಗೊತ್ತಾಯಿತು.
4. ಎಲ್ಲ ಶಾಖೆಗಳೂ ನಷ್ಟದಲ್ಲಿವೆ, ಈ ಶಾಖೆಯ ಮೇಲೂ ಅಪವಾದವಿಲ್ಲ.
5. ಸಂಘದ ಅಪಯಶಸ್ಸಿಗೆ ಆಡಳಿತ ಮಂಡಳಿಯೇ ಕಾರಣ.

ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬಹುದು? ನಿಯಮದ ಹಾಗೆ ಏನಾದರೂ ಇದ್ದರೆ ಅದನ್ನೂ ತಿಳಿಸಿ, ಮುಂದಿನ ಪುಟಗಳಿಗೂ ಬೇಕಾಗುತ್ತದೆ.

---

ಶಬ್ದಸಂತೆ

ಐದರಲ್ಲಿ ಒಂದೂ ಹಾಗೆಯೇ ಬಿಡುವಂತಿಲ್ಲ. ಮೊದಲ ಎರಡಕ್ಕೆ ನಾನು ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಬೇರೆಯವರು ಬರುತ್ತಾರೆ.

ಮೂಲ ಪದಗಳಿಂದ ಹೊರಡೋಣ. ಖ್ಯಾತಿಯ ಬೇರು ಸಂಸ್ಕೃತದ ‘ಖ್ಯಾ’ ಧಾತು. ಹೇಳು, ತಿಳಿದಿರು ಎಂಬ ಅರ್ಥ. ಜನಕ್ಕೆ ಗೊತ್ತಿರುವುದೇ ಖ್ಯಾತಿ. ಬಳಕೆಯಲ್ಲಿ ಅದು ಒಳ್ಳೆಯದರ ಕಡೆ ವಾಲಿದೆ ನಿಜ, ಆದರೆ ಮೂಲದಲ್ಲಿ ಒಳಿತು ಕೆಡುಕಿನ ಗೊಡವೆ ಇಲ್ಲ. ಆದ್ದರಿಂದಲೇ ಪ್ರ, ವಿ, ಕು ಯಾವುದನ್ನು ಮುಂದೆ ಅಂಟಿಸಿದರೂ ಆ ಕಡೆಗೆ ತಿರುಗುತ್ತದೆ: ಪ್ರಖ್ಯಾತ, ವಿಖ್ಯಾತ, ಕುಖ್ಯಾತ. ಕೀರ್ತಿ ಹಾಗಲ್ಲ. ಅದರೊಳಗೆ ಹೊಗಳಿಕೆ ಮೊದಲೇ ಕೂತಿದೆ. ಅದಕ್ಕೆ ‘ಅಪ’ ಸೇರಿದರೆ ಇದ್ದ ಮಾನ ಕೆಳಗಿಳಿಯಿತು ಎಂದಾಗುತ್ತದೆ.

ಇದರಿಂದ ಸುಲಭದ ಪರೀಕ್ಷೆಯೊಂದು ಸಿಗುತ್ತದೆ. ವಾಕ್ಯ ಯಾರ ಬಗ್ಗೆ, ಯಾವುದರ ಬಗ್ಗೆ ಇದೆಯೋ ಅದಕ್ಕೆ ಕಳೆದುಕೊಳ್ಳಲು ಮಾನ ಇದೆಯೇ ಎಂದು ಕೇಳಿಕೊಳ್ಳಿ. ಮನುಷ್ಯ, ಮನೆತನ, ಊರು, ಸಂಘ, ವೃತ್ತಿ ಇವಕ್ಕೆಲ್ಲ ಮಾನ ಇದೆ, ಅಪಕೀರ್ತಿ ಬರಬಹುದು. ರಸ್ತೆಯ ತಿರುವಿಗೆ, ಪುಂಡಾನೆಗೆ, ಹೊಳೆಯ ಸುಳಿಗೆ ಮಾನ ಇಲ್ಲ, ಅವು ಕುಖ್ಯಾತ ಆಗಬಹುದು ಅಷ್ಟೇ. ಹಾಗಾಗಿ 1ನೇ ವಾಕ್ಯ ‘ಅಪಘಾತಗಳಿಗೆ ಕುಖ್ಯಾತವಾದ ತಿರುವು’ ಎಂದಾಗಬೇಕು. ‘ಹೆಸರುವಾಸಿಯಾದ ತಿರುವು’ ಎಂದು ಬರೆದರೆ ವ್ಯಂಗ್ಯವಾಗಿ ಕೇಳುತ್ತದೆ. ಸಾವುನೋವಿನ ಸಂಗತಿಯಲ್ಲಿ ಆ ವ್ಯಂಗ್ಯ ಬೇಡ.

2ನೆಯದರ ತೊಂದರೆ ಕ್ರಿಯಾಪದದಲ್ಲಿದೆ. ಈ ಪದಗಳಲ್ಲಿ ಒಂದೊಂದೂ ತನ್ನದೇ ಕ್ರಿಯಾಪದವನ್ನು ಕಟ್ಟಿಕೊಂಡು ಬರುತ್ತದೆ. ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲಿ, ಅರ್ಥದಲ್ಲಿ ಅಲ್ಲ. ಅಪಕೀರ್ತಿ ಬರುತ್ತದೆ, ಅದನ್ನು ಯಾರೋ ತರುತ್ತಾರೆ. ಕುಖ್ಯಾತಿಯನ್ನು ಪಡೆಯುತ್ತಾರೆ, ಗಳಿಸುತ್ತಾರೆ. ಅಂದರೆ ಕುಖ್ಯಾತಿ ಅವರವರ ಸ್ವಂತ ಸಂಪಾದನೆ, ಅದನ್ನು ಇನ್ನೊಬ್ಬರಿಗೆ ತಂದು ಹಾಕುವುದು ಹೊಂದುವುದಿಲ್ಲ. ಮಗ ಮಾಡಿದ್ದಕ್ಕೆ ಮನೆತನಕ್ಕೆ ಅಪಕೀರ್ತಿ ಬರುತ್ತದೆ, ಕುಖ್ಯಾತನಾಗುವುದು ಮಗ ಮಾತ್ರ. ನಿಮ್ಮ ವಾಕ್ಯದಲ್ಲಿ ಗೋಲ್‌ಮಾಲ್ ಮಾಡಿದವರು ಕೆಲವರು, ಹೆಸರು ಕೆಟ್ಟದ್ದು ಸಂಘದ್ದು. ಆದ್ದರಿಂದ ‘ಸಂಘಕ್ಕೆ ಅಪಕೀರ್ತಿ ತಂದಿತು’.

ಕಳಂಕಕ್ಕೆ ಅಂಟು, ಹಚ್ಚು, ತೊಳೆದುಕೊಳ್ಳು ಎಂಬ ಕ್ರಿಯಾಪದಗಳು ಹೊಂದುತ್ತವೆ, ಏಕೆಂದರೆ ಅದು ಕಲೆ. ಚಂದ್ರನಲ್ಲಿ ಕಾಣುವುದೂ ಕಳಂಕವೇ. ಉಳಿದದ್ದೆಲ್ಲ ಶುದ್ಧವಾಗಿದ್ದು ಒಂದೇ ಒಂದು ಘಟನೆ ಮಾತ್ರ ಕೆಟ್ಟದ್ದಾದರೆ ಆ ಘಟನೆಗೆ ‘ಕಪ್ಪುಚುಕ್ಕೆ’ ಎನ್ನಬಹುದು. ‘ಮಸಿ ಬಳಿ’ ಎಂದ ಕೂಡಲೇ ಬೇಕೆಂದೇ ಮಾಡಿದ ಕೈಯೊಂದು ವಾಕ್ಯದೊಳಗೆ ಬರುತ್ತದೆ. ವರದಿಯಲ್ಲಿ ಆ ಪದ ಹಾಕುವ ಮೊದಲು ಅದು ಯಾರ ಕೈ ಎಂದು ಹೇಳಲು ಸಿದ್ಧರಿರಬೇಕು.

---

ಹಿತ್ತಲಗಿಡ

ಇಷ್ಟೆಲ್ಲ ಯಾಕೆ? ‘ಕೆಟ್ಟ ಹೆಸರು’ ಅಂತ ಬರೆದರೆ ಓದುವವರಿಗೂ ಸುಖ, ಬರೆಯುವವರಿಗೂ ಸುಖ. ಮಹಾಪ್ರಾಣ ತಪ್ಪುವ ಭಯವೂ ಇಲ್ಲ. ಕುಕ್ಯಾತಿ, ಅಪಕ್ಯಾತಿ, ಅಪಖೀರ್ತಿ ಎಲ್ಲವೂ ಅಚ್ಚಿನಲ್ಲೇ ಸಿಗುತ್ತವೆ. ಖ್ಯಾತಿಗೆ ಖ, ಕೀರ್ತಿಗೆ ಕ. ಇದಿಷ್ಟು ನೆನಪಿದ್ದರೆ ಸಾಕು.

ಅಚ್ಚಗನ್ನಡದಲ್ಲೂ ಒಂದು ಸೂಕ್ಷ್ಮ ಇದೆ. ‘ಕೆಟ್ಟ’ ಎನ್ನುವುದು ‘ಕೆಡು’ ಧಾತುವಿನ ಕೃದಂತ. ಸುಡು-ಸುಟ್ಟ, ನೆಡು-ನೆಟ್ಟ, ಕೆಡು-ಕೆಟ್ಟ. ಹುಟ್ಟಿನಿಂದ ನೋಡಿದರೆ ಕೆಟ್ಟ ಹೆಸರು ಎಂದರೆ ಕೆಟ್ಟುಹೋದ ಹೆಸರು. ಈಗಿನ ಬಳಕೆಯಲ್ಲಿ ಎರಡೂ ಬೇರೆಯಾಗಿವೆ. ‘ಹೆಸರು ಕೆಟ್ಟಿತು’ ಎಂದರೆ ಮೊದಲು ಒಳ್ಳೆಯ ಹೆಸರು ಇತ್ತು. ‘ಕೆಟ್ಟ ಹೆಸರು ಬಂತು’ ಎಂದರೆ ಮೊದಲು ಹೆಸರೇ ಇರದಿದ್ದರೂ ನಡೆಯುತ್ತದೆ, ನಿನ್ನೆ ತೆರೆದ ಅಂಗಡಿಗೂ ಕೆಟ್ಟ ಹೆಸರು ಬರಬಹುದು. ‘ಹೆಸರು ಕೆಡಿಸಿದ’ ಎಂದರೆ ಮಾಡಿದವನೊಬ್ಬ ಇದ್ದಾನೆ. ಒಂದೇ ಧಾತುವಿನಿಂದ ಮೂರು ಕೆಲಸ ಆಗುತ್ತಿರುವಾಗ ಸಂಸ್ಕೃತದ ಮೂರು ಪದ ಹುಡುಕುವುದೇಕೆ?

ಮಾನಗೇಡು, ಮರ್ಯಾದೆಗೇಡು, ನಾಚಿಕೆಗೇಡು ಇವೂ ‘ಕೇಡು’ ಸೇರಿ ಆದವು, ಕಕಾರಕ್ಕೆ ಗಕಾರ ಬಂದಿದೆ. ಇವು ಬೈಗುಳದ ಮಗ್ಗುಲಿನವು. ವರದಿಗೆ ಬೇಡ.

---

ಶಬ್ದಸಂತೆ

ಹಿತ್ತಲಗಿಡ ಅವರೇ, ಒಪ್ಪುತ್ತೇನೆ, ಒಂದು ಕಡೆ ಬಿಟ್ಟು. ‘ಕುಖ್ಯಾತ’ ಎಂಬ ವಿಶೇಷಣಕ್ಕೆ ‘ಕೆಟ್ಟ ಹೆಸರು’ ಬದಲಿ ಆಗುವುದಿಲ್ಲ. ‘ಕುಖ್ಯಾತ ತಿರುವು’ ಎನ್ನುವ ಜಾಗದಲ್ಲಿ ‘ಕೆಟ್ಟ ಹೆಸರಿನ ತಿರುವು’ ಎಂದರೆ ಆ ತಿರುವಿಗೆ ಇಟ್ಟ ಹೆಸರೇ ಚೆನ್ನಾಗಿಲ್ಲ ಎಂಬಂತೆ ಕೇಳುತ್ತದೆ.

---

ನಡುಹಗಲು

3 ಮತ್ತು 4ಕ್ಕೆ. ಎರಡೂ ‘ಅಪವಾದ’ದ ಸುತ್ತ ಇರುವ ಗೊಂದಲ.

ಅಪಕೀರ್ತಿ ಒಂದು ಸ್ಥಿತಿ. ಅಪವಾದ ಒಂದು ಮಾತು, ‘ವದ್’ ಎಂದರೆ ನುಡಿ. ಯಾರ ಮೇಲೋ ಜನ ಹೊರಿಸುವ ನಿರ್ದಿಷ್ಟ ದೋಷ ಅದು. ಆದ್ದರಿಂದ ಅದರ ಹಿಂದೆ ‘ಎಂಬ’ ಬರುತ್ತದೆ: ಹಣ ತಿಂದರೆಂಬ ಅಪವಾದ. ಅದನ್ನು ಹೊರಿಸಬಹುದು, ಹೊರಬಹುದು, ಕಳೆದುಕೊಳ್ಳಬಹುದು, ಅದರಿಂದ ಪಾರಾಗಬಹುದು. ಕಾರ್ಯದರ್ಶಿಯವರದು ತಪ್ಪಿಲ್ಲವೆಂದು ತನಿಖೆಯಲ್ಲಿ ಗೊತ್ತಾದ ಮೇಲೆ ಅಲ್ಲಿ ಅಪಕೀರ್ತಿ ಎಂದು ಬರೆದರೆ ತಪ್ಪು ಅವರದೇ ಎಂಬ ನೆರಳು ಉಳಿಯುತ್ತದೆ. ಭಾದ್ರಪದ ಚೌತಿಯ ಚಂದ್ರನನ್ನು ನೋಡಿದರೆ ಬರುವುದು ಅಪವಾದವೇ, ಅಪಕೀರ್ತಿ ಅಲ್ಲ. ಶಮಂತಕ ಮಣಿಯ ಕಥೆಯಲ್ಲಿ ಕೃಷ್ಣ ಮಣಿ ಕದ್ದಿರಲಿಲ್ಲ, ಕದ್ದನೆಂಬ ಮಾತು ಬಂತು. ಮಣಿ ಧರಿಸಿ ಬೇಟೆಗೆ ಹೋಗಿದ್ದ ಪ್ರಸೇನನನ್ನು ಕೊಂದದ್ದು ಸಿಂಹ, ಸಿಂಹವನ್ನು ಕೊಂದು ಮಣಿ ಒಯ್ದದ್ದು ಜಾಂಬವಂತ. ಅಪವಾದ ಎಂದರೆ ಸುಳ್ಳು ಆರೋಪ ಎಂದೇ ತಿಳಿಯಿರಿ.

4ನೆಯದು ಬೇರೆಯೇ ಅಪವಾದ. ವ್ಯಾಕರಣದಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗ, ಅದನ್ನು ತಡೆಯುವ ವಿಶೇಷ ನಿಯಮಕ್ಕೆ ಅಪವಾದ ಎನ್ನುತ್ತಾರೆ. ಹೊರತಾದದ್ದು ಎಂಬ ಅರ್ಥ ಕನ್ನಡಕ್ಕೆ ಬಂದದ್ದು ಹೀಗೆ. ಎರಡನ್ನೂ ಬೇರ್ಪಡಿಸುವುದು ವಿಭಕ್ತಿ. ನಿಂದೆಯ ಅರ್ಥದಲ್ಲಾದರೆ ‘ಮೇಲೆ’ ಬರುತ್ತದೆ: ಅವರ ಮೇಲೆ ಅಪವಾದ ಇದೆ. ಹೊರತು ಎಂಬ ಅರ್ಥದಲ್ಲಾದರೆ ನಿಯಮಕ್ಕೆ ಚತುರ್ಥಿ ವಿಭಕ್ತಿ ಬಂದು ವಾಕ್ಯ ‘ಅಲ್ಲ’ ಎಂದು ಮುಗಿಯುತ್ತದೆ: ಈ ಶಾಖೆಯೂ ಇದಕ್ಕೆ ಅಪವಾದವಲ್ಲ. ‘ಇಲ್ಲ’ ಮತ್ತು ‘ಅಲ್ಲ’ ಅದಲುಬದಲಾದರೆ ಅರ್ಥ ಪೂರ್ತಿ ಬೇರೆ. ನೀವು ಕೊಟ್ಟ ವಾಕ್ಯ ಓದಿದರೆ ಶಾಖೆಯನ್ನು ಯಾರೂ ದೂರಿಲ್ಲ ಎಂದಾಗುತ್ತದೆ, ಬರೆದವರು ಹೇಳಹೊರಟದ್ದು ಅದೂ ನಷ್ಟದಲ್ಲಿದೆ ಎಂದು.

---

ಓಲೆಗರಿ

ನಡುಹಗಲು ಅವರ ಕೊನೆಗೊಂದು ತಿದ್ದುಪಡಿ. ಅಪವಾದ ಎಂದರೆ ಸುಳ್ಳು ಆರೋಪ ಎಂದೇ ಆಗಿದ್ದರೆ ‘ಮಿಥ್ಯಾಪವಾದ’ ಎಂಬ ಪದದ ಅಗತ್ಯವೇ ಬೀಳುತ್ತಿರಲಿಲ್ಲ. ಶಮಂತಕದ ಕಥೆಯಲ್ಲೇ ಆ ಪದ ಬರುತ್ತದೆ. ಲೋಕಾಪವಾದ, ಜನಾಪವಾದ ಎಂಬಲ್ಲಿ ಜನ ಆಡಿದರು ಎಂಬುದಷ್ಟೇ ಇದೆ, ನಿಜವೋ ಸುಳ್ಳೋ ತೀರ್ಮಾನವಾಗಿಲ್ಲ. ಹೊಸಗನ್ನಡದಲ್ಲಿ ಪದ ಸುಳ್ಳಿನ ಕಡೆ ವಾಲಿದೆ ಎಂದರೆ ಸರಿ. ವರದಿ ಬರೆಯುವಾಗ ಈ ವಾಲಿಕೆ ಮುಖ್ಯ: ತನಿಖೆ ಇನ್ನೂ ನಡೆಯುತ್ತಿದ್ದರೆ ‘ಆರೋಪ’ ಎಂದು ಬರೆಯಿರಿ, ಸುಳ್ಳೆಂದು ಗೊತ್ತಾದ ಮೇಲೆ ‘ಅಪವಾದ’. ತನಿಖೆಗೆ ಮುಂಚೆಯೇ ಅಪವಾದ ಎಂದರೆ ನೀವು ಆರೋಪಿಯ ಪರ ನಿಂತಂತೆ.

ಶಬ್ದಸಂತೆ ಹೇಳಿದ ಮಾನದ ಪರೀಕ್ಷೆಗೆ ಹಳೆಯ ಆಧಾರವೂ ಇದೆ. ಗೀತೆಯ 2ನೇ ಅಧ್ಯಾಯದ 34ನೇ ಶ್ಲೋಕದಲ್ಲಿ ‘ಸಂಭಾವಿತಸ್ಯ ಚಾಕೀರ್ತಿರ್ಮರಣಾದತಿರಿಚ್ಯತೇ’ ಎಂದಿದೆ. ಸಂಭಾವಿತನಿಗೆ, ಅಂದರೆ ಮಾನ ಪಡೆದವನಿಗೆ, ಅಕೀರ್ತಿ ಸಾವಿಗಿಂತ ಹೆಚ್ಚಿನದು. ಮಾನವೇ ಇರದವನಿಗೆ ಈ ಮಾತು ತಾಗುವುದಿಲ್ಲ. ಇಲ್ಲಿ ‘ಅ’ಕಾರವನ್ನು ಕೀರ್ತಿ ಇಲ್ಲದಿರುವುದು ಎಂದು ಓದಬಾರದು. ಆ ನಿಷೇಧಕ್ಕೆ ವ್ಯಾಕರಣಕಾರರು ಆರು ಅರ್ಥ ಹೇಳುತ್ತಾರೆ, ಅಭಾವ ಒಂದು, ವಿರೋಧ ಇನ್ನೊಂದು. ಅಧರ್ಮ, ಅನ್ಯಾಯದ ಹಾಗೆ ಅಕೀರ್ತಿಯಲ್ಲೂ ವಿರೋಧ. ಆದರೆ ‘ಅಪ್ರಸಿದ್ಧ’ದಲ್ಲಿ ಬರೀ ಅಭಾವ: ಯಾರಿಗೂ ಗೊತ್ತಿಲ್ಲದವನು. ಕುಪ್ರಸಿದ್ಧ ಎನ್ನುವ ಕಡೆ ಅಪ್ರಸಿದ್ಧ ಎಂದು ಬರೆದರೆ ತಿರುಗುಮುರುಗು. ಈ ವಿಷಯದಲ್ಲಿ ಪದಗಳಿಗೆ ಒಂದೇ ನಿಯಮ ಇಲ್ಲ, ಒಂದೊಂದನ್ನೂ ಪ್ರತ್ಯೇಕವಾಗಿ ಕಲಿಯಬೇಕು.

ಹಳಗನ್ನಡದಲ್ಲಿ ನಿಂದೆಗೆ ‘ಪೞಿ’ ಇತ್ತು. ‘ಹಳಿಯುವುದು’ ಎಂಬುದರಲ್ಲಿ ಈಗಲೂ ಉಳಿದಿದೆ. ‘ದೂಱು’ ಕೂಡ ನಿಂದೆಯೇ ಆಗಿತ್ತು, ಈಗ ಠಾಣೆಗೆ ಕೊಡುವ ಅರ್ಜಿಯ ಮಟ್ಟಕ್ಕೆ ಬಂದಿದೆ. ‘ಯಾರನ್ನು ದೂರಲಿ’ ಎನ್ನುವಾಗ ಮಾತ್ರ ಹಳೆಯ ಅರ್ಥ ಕೇಳುತ್ತದೆ.

---

ಗಡಿಕಂಬ

5ನೇ ವಾಕ್ಯವನ್ನು ಯಾರೂ ಮುಟ್ಟಿಲ್ಲ. ಅದೇ ಎಲ್ಲಕ್ಕಿಂತ ಅಪಾಯದ್ದು.

ಸಂಸ್ಕೃತದಲ್ಲಿ ಯಶಸ್ ಎಂದರೆ ಕೀರ್ತಿ. ಅಪಯಶಸ್ ಎಂದರೆ ಅಪಕೀರ್ತಿ. ಕನ್ನಡದಲ್ಲಿ ಯಶಸ್ಸು ಕೀರ್ತಿಯನ್ನು ಬಿಟ್ಟು ‘ಗೆಲುವು, ಕೈಗೂಡುವಿಕೆ’ಗೆ ಸರಿದಿದೆ. ಪರೀಕ್ಷೆಯಲ್ಲಿ ಯಶಸ್ಸು ಎಂದರೆ ಪಾಸಾಗುವುದು, ಹೆಸರು ಬರುವುದಲ್ಲ. ಅದರ ಹಿಂದೆಯೇ ಅಪಯಶಸ್ಸೂ ಸರಿದು ‘ಸೋಲು’ ಆಗಿ ಓದಿಸಿಕೊಳ್ಳುತ್ತದೆ. ಮರಾಠಿಯಲ್ಲಿ ಅಪಯಶ ಎಂದರೆ ಸೋಲೇ, ಗಡಿಯ ಜಿಲ್ಲೆಗಳ ಓದುಗರಿಗೆ ಬೇರೆ ಅರ್ಥ ಹೊಳೆಯುವುದೇ ಇಲ್ಲ. ‘ಸಂಘದ ಅಪಯಶಸ್ಸಿಗೆ ಮಂಡಳಿ ಕಾರಣ’ ಎಂದರೆ ಸಂಘ ನಷ್ಟಕ್ಕೆ ಬಿದ್ದದ್ದಕ್ಕೆ ಮಂಡಳಿ ಕಾರಣವೋ, ಸಂಘದ ಹೆಸರು ಕೆಟ್ಟದ್ದಕ್ಕೆ ಕಾರಣವೋ? ಆಡಳಿತ ಮಂಡಳಿಯ ಮೇಲೆ ಬೊಟ್ಟು ಮಾಡುವ ವಾಕ್ಯದಲ್ಲಿ ಈ ಇಬ್ಬಂದಿ ಇರಬಾರದು. ‘ವೈಫಲ್ಯ’ ಅಥವಾ ‘ಕೆಟ್ಟ ಹೆಸರು’, ಯಾವುದೆಂದು ಬರೆದವರನ್ನೇ ಕೇಳಿ. ನೀವೇ ಊಹಿಸಿ ತಿದ್ದಬೇಡಿ.

ನಮ್ಮ ಕಡೆ ಮಾತಿನಲ್ಲಿ ‘ಬದನಾಮಿ’ ಇದೆ. ಪಾರ್ಸಿಯ ‘ಬದ್’ ಮತ್ತು ‘ನಾಮ್’ ಸೇರಿದ್ದು, ತೂಕಕ್ಕೆ ಸರಿಯಾಗಿ ‘ಕೆಟ್ಟ ಹೆಸರು’. ‘ಸುಮ್ನ ಬದನಾಮಿ ಮಾಡ್ಯಾರ’ ಎಂದರೆ ಇಲ್ಲದ್ದನ್ನು ಹಬ್ಬಿಸಿದ್ದಾರೆ ಎಂದು. ಬೆಂಗಳೂರು ಮೈಸೂರಿನ ಓದುಗರಿಗಾಗಿ ಬರೆಯುವಾಗ ಬೇಡ.

---

ಕರಡುಕೋಣೆ

ತುಂಬಾ ಉಪಯೋಗವಾಯಿತು. ಇನ್ನೆರಡು ಇವೆ. ‘ನಿಂದೆಗೆ ಪಾತ್ರರಾದರು’ ಎಂದು ಒಂದು ಕಡೆ ಇದೆ, ಕಿವಿಗೆ ಚುಚ್ಚುತ್ತದೆ, ಆದರೆ ಕಾರಣ ಹೇಳಲು ಬರುತ್ತಿಲ್ಲ. ಎರಡನೆಯದು, ಒಬ್ಬ ವ್ಯಾಪಾರಿಯ ಮೇಲೆ ಮೊಕದ್ದಮೆ ಇನ್ನೂ ನಡೆಯುತ್ತಿದೆ, ಕರಡಿನಲ್ಲಿ ಅವರನ್ನು ‘ಕುಖ್ಯಾತ ವಂಚಕ’ ಎಂದಿದ್ದಾರೆ. ಪತ್ರಿಕೆಗಳಲ್ಲಿ ದಿನವೂ ಓದುವ ಪದ ತಾನೇ, ಬಿಡಬಹುದೇ?

---

ಹಿತ್ತಲಗಿಡ

ಪಾತ್ರ ಎಂದರೆ ಯೋಗ್ಯ. ಹೊಗಳಿಕೆಗೆ ಪಾತ್ರ, ಕೃಪೆಗೆ ಪಾತ್ರ. ನಿಂದೆಗೆ, ಟೀಕೆಗೆ, ಅಪಖ್ಯಾತಿಗೆ ‘ಗುರಿ’. ನಿಂದೆಗೆ ಪಾತ್ರರು ಎಂದರೆ ಬೈಸಿಕೊಳ್ಳಲು ತಕ್ಕವರು ಎಂದಾಗುತ್ತದೆ. ಅದನ್ನೇ ಹೇಳುವುದಿದ್ದರೆ ಬಿಡಿ.

ಆಟದ ಪುಟಗಳ ‘ಅಪಖ್ಯಾತಿಗೆ ಪಾತ್ರರಾದ ಬ್ಯಾಟರ್’ ಕೂಡ ಇದೇ ತಪ್ಪು. ಸೊನ್ನೆಗೆ ಔಟಾಗುವುದು ಅಪಖ್ಯಾತಿಯೂ ಅಲ್ಲ ಅನ್ನಿ, ‘ಬೇಡದ ದಾಖಲೆ’ ಎಂದರೆ ಸಾಕು.

---

ಕಲಂ

ವ್ಯಾಪಾರಿಯ ವಿಷಯ. ಬಿಡಬೇಡಿ, ಎರಡೂ ಪದ ತೆಗೆಯಿರಿ.

‘ಕುಖ್ಯಾತ’ ಎಂದರೆ ಎಲ್ಲರಿಗೂ ಗೊತ್ತಿರುವ ಸತ್ಯ ಎಂಬ ಧ್ವನಿ. ‘ವಂಚಕ’ ಎಂದರೆ ತೀರ್ಪು. ಮೊಕದ್ದಮೆ ನಡೆಯುತ್ತಿರುವಾಗ ಅವರು ಆರೋಪಿ, ಶಿಕ್ಷೆಯ ತೀರ್ಪು ಬಂದ ಮೇಲೆ ಅಪರಾಧಿ. ‘ವಂಚನೆ ಪ್ರಕರಣದ ಆರೋಪಿ’ ಎಂದು ಬರೆದು, ಯಾವ ನ್ಯಾಯಾಲಯ, ಪ್ರಕರಣ ಯಾವ ಹಂತದಲ್ಲಿದೆ ಎಂಬುದನ್ನು ಸೇರಿಸಿ.

ಮಾನನಷ್ಟ ಮೊದಲು ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಂಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಶಿಕ್ಷೆ 2 ವರ್ಷದವರೆಗೆ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಕೊನೆಯದು ಹೊಸ ಕಾನೂನಿನಲ್ಲಿ ಸೇರಿದ್ದು. ಮಾತು, ಬರಹ, ಸನ್ನೆ, ಚಿತ್ರ ಯಾವುದರಿಂದ ಆದರೂ ಬರುತ್ತದೆ. ವ್ಯಂಗ್ಯವಾಗಿ ಬರೆದೆ ಎಂದರೆ ತಪ್ಪಿಸಿಕೊಳ್ಳಲಾಗದು. ಕಂಪನಿ, ಸಂಘಗಳ ಹೆಸರಿಗೂ ಅನ್ವಯಿಸುತ್ತದೆ, ಆದ್ದರಿಂದ ನಿಮ್ಮ 2ನೇ ವಾಕ್ಯದ ‘ಗೋಲ್‌ಮಾಲ್’ ಪದವನ್ನೂ ಇನ್ನೊಮ್ಮೆ ನೋಡಿ. ಲೆಕ್ಕಪರಿಶೋಧನೆಯಲ್ಲಿ ಕಂಡದ್ದು ಹಣದ ವ್ಯತ್ಯಾಸ ಮಾತ್ರ ಆಗಿದ್ದರೆ ‘ಲೆಕ್ಕಪತ್ರದ ವ್ಯತ್ಯಾಸ’ ಎಂದೇ ಬರೆಯಿರಿ.

ಸತ್ಯ ಬರೆದರೆ ಸಾಕು ಎಂಬುದು ಅರ್ಧ ಮಾತ್ರ ಸರಿ. ಕ್ರಿಮಿನಲ್ ಕಾನೂನಿನಲ್ಲಿ ಸತ್ಯವೂ ಆಗಿರಬೇಕು, ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೂ ಆಗಿರಬೇಕು. ಇದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ, ಹೆಸರು ಕೆಟ್ಟವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಪರಿಹಾರ ಕೇಳುವ ಸಿವಿಲ್ ದಾವೆ ಬೇರೆ, ಅದರ ಕಾಲಮಿತಿ 1 ವರ್ಷ. ಈ ಅಪರಾಧವನ್ನೇ ತೆಗೆದುಹಾಕಬೇಕೆಂಬ ವಾದವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ. ಒಳ್ಳೆಯ ಹೆಸರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು.

ಇನ್ನೊಂದು, ಪದದ್ದೇ ವಿಷಯ. ಮಾನನಷ್ಟ, ಮಾನಹಾನಿ ಎರಡನ್ನೂ ಬರೆಯಬಹುದು. ‘ಮಾನಭಂಗ’ ಮಾತ್ರ ಬರೆಯಲೇಬಾರದು. ಕನ್ನಡದಲ್ಲಿ ಅದು ಹೆಣ್ಣಿನ ಮೇಲಿನ ದೌರ್ಜನ್ಯಕ್ಕೆ ನಿಂತುಹೋಗಿದೆ. ‘ಸಂಘದ ಅಧ್ಯಕ್ಷರ ಮೇಲೆ ಮಾನಭಂಗದ ಮೊಕದ್ದಮೆ’ ಎಂದು ಅಚ್ಚಾದರೆ, ಪತ್ರಿಕಾ ಹೇಳಿಕೆಯ ಮೇಲೆ ಬಿದ್ದ ಕೇಸು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಮರುದಿನ ತಿದ್ದುಪಡಿ ಹಾಕಿ ಪ್ರಯೋಜನ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

---

ಕರಡುಕೋಣೆ

ವರದಿ ಬರೆದವರನ್ನು ಕೇಳಿದೆ. 5ರಲ್ಲಿ ಅವರು ಹೇಳಹೊರಟದ್ದು ನಷ್ಟವನ್ನೇ. ಗೋಲ್‌ಮಾಲ್ ಎಂಬುದಕ್ಕೆ ಕಾಗದದ ಆಧಾರ ಇಲ್ಲವಂತೆ. ತಿದ್ದಿದ ವಾಕ್ಯಗಳು:

1. ಅಪಘಾತಗಳಿಗೆ ಕುಖ್ಯಾತವಾದ ತಿರುವಿನಲ್ಲಿ ಸಂಘದ ಗೋದಾಮು ಇದೆ.
2. ಲೆಕ್ಕಪತ್ರದ ವ್ಯತ್ಯಾಸ ಸಂಘಕ್ಕೆ ಅಪಕೀರ್ತಿ ತಂದುಕೊಟ್ಟಿತು.
3. ಹಣ ತಿಂದರೆಂಬ ಅಪವಾದ ಹೊತ್ತಿದ್ದ ಹಿಂದಿನ ಕಾರ್ಯದರ್ಶಿಯವರದು ತಪ್ಪಿಲ್ಲವೆಂದು ತನಿಖೆಯಲ್ಲಿ ಗೊತ್ತಾಯಿತು.
4. ಎಲ್ಲ ಶಾಖೆಗಳೂ ನಷ್ಟದಲ್ಲಿವೆ, ಈ ಶಾಖೆಯೂ ಇದಕ್ಕೆ ಅಪವಾದವಲ್ಲ.
5. ಸಂಘದ ವೈಫಲ್ಯಕ್ಕೆ ಆಡಳಿತ ಮಂಡಳಿಯೇ ಕಾರಣ.

---

ಓಲೆಗರಿ

3 ಮತ್ತು 4 ಒಂದೇ ಪುಟದಲ್ಲಿದ್ದರೆ ‘ಅಪವಾದ’ ಎರಡು ಅರ್ಥದಲ್ಲಿ ಹತ್ತಿರ ಹತ್ತಿರ ಬರುತ್ತದೆ. 4ನ್ನು ‘ಈ ಶಾಖೆಯೂ ಇದಕ್ಕೆ ಹೊರತಲ್ಲ’ ಎಂದು ಮಾಡಿ.

---

ಶಬ್ದಸಂತೆ

2ರಲ್ಲಿ ‘ತಂದುಕೊಟ್ಟಿತು’ ಬೇಡ, ‘ತಂದಿತು’ ಸಾಕು. ‘ಕೊಡು’ ಸೇರಿದರೆ ಉಪಕಾರ ಮಾಡಿದ ಹಾಗೆ ಕೇಳುತ್ತದೆ. ಕೀರ್ತಿ ತಂದುಕೊಡಬಹುದು, ಪ್ರಶಸ್ತಿ ತಂದುಕೊಡಬಹುದು. ವ್ಯತ್ಯಾಸ ಎಷ್ಟು ರೂಪಾಯಿಯದು, ಯಾವ ವರ್ಷದ ಲೆಕ್ಕದಲ್ಲಿ ಕಂಡದ್ದು ಎಂಬುದನ್ನೂ ಅದೇ ವಾಕ್ಯದಲ್ಲಿ ಹಾಕಿಬಿಡಿ.